ಬಾಡಿಗೆ ಪಾತ್ರೆಯ ಲೆಕ್ಕ

ಮಂಡ್ಯದ ಗುತ್ತಲು ರಸ್ತೆ, ನಿಮಿಷಾಂಬ ಪಾತ್ರೆ ಬಾಡಿಗೆ ಅಂಗಡಿಗೆ
ಮಂಗಳವಾರ ರಾತ್ರಿ ಎರಡೂ ಮುಕ್ಕಾಲಿಗೆ
ಸಾವಿರದ ನಾನೂರ ಹನ್ನೊಂದು ಮಂದಿ ಬಂದು ಹೋದರು.
ಶಟರು ಎಳೆದಿತ್ತು.
ಬೀಗದ ಕೈ ನನ್ನ ತಲೆದಿಂಬಿನಡಿ ಇತ್ತು.

ಬೆಳಿಗ್ಗೆ ಫೋನಿನಲ್ಲಿ ಗೆರೆ ನೋಡಿದೆ.
ವಾರವೆಲ್ಲ ನೆಲ ಹಿಡಿದು ತೆವಳುತ್ತಿದ್ದದ್ದು
ಒಮ್ಮೆಗೇ ಎದ್ದು ನಿಂತಿದೆ, ತೆಂಗಿನ ಮರದಂತೆ.
ಖುಷಿಗೆ ಅರ್ಧ ಲೀಟರು ಹಾಲು ಹೆಚ್ಚಿಗೆ ತಂದೆ.
ಆಷಾಢ ಕಳೆಯಿತಲ್ಲ, ಮದುವೆಯವರಿರಬೇಕು ಎಂದು
ಕೊಪ್ಪರಿಗೆಗಳಿಗೆಲ್ಲ ಹುಣಸೆಹಣ್ಣು ಹಚ್ಚಿಸಿದೆ.
ಒಂದು ಫೋನೂ ಬರಲಿಲ್ಲ.

ಸೈಟು ಮಾಡಿಕೊಟ್ಟ ಸುಹೇಲ್ ಬಂದು
ಬೆರಳಲ್ಲಿ ಸರಿಸಿ ಸರಿಸಿ ತೋರಿಸಿದ:
ಊರು ಆಶ್‌ಬರ್ನ್. ದೇಶ ಅಮೆರಿಕ.
ನಿಂತ ಹೊತ್ತು ಸೊನ್ನೆ ಸೆಕೆಂಡು.
ನಿಮಿಷಾಂಬನ ಅಂಗಡಿಗೆ ಬಂದು ನಿಮಿಷವೂ ನಿಲ್ಲದವರು!
"ಅಲ್ಲಿ ಯಾರ ಮದುವೆಯಪ್ಪ?
ಐವತ್ತು ಸೇರಿನ ಕೊಳಗ ಅಷ್ಟು ದೂರ ಹೊರುವವರು ಯಾರು?"
ಅವನು ನಗಲಿಲ್ಲ. "ಮನುಷ್ಯರಲ್ಲಕ್ಕ, ಬಾಟು" ಅಂದ.
ನನಗೆ ಕೇಳಿಸಿದ್ದು ಬಟ್ಟಲು.
"ಸ್ಟೀಲಿನವು ಆರುನೂರಿವೆ, ಹಿತ್ತಾಳೆಯವು
ಎಣಿಸಿ ಹೇಳಬೇಕು" ಅಂದೆ.

ನೀರಿನ ಮೀಟರು ಓದಿ ಓದಿ ನಿವೃತ್ತರಾದ
ಭಾವ ಚಿಕ್ಕಲಿಂಗಯ್ಯ ಎಲೆಗೆ ಸುಣ್ಣ ಸವರುತ್ತ
ಎಲ್ಲ ಕೇಳಿಸಿಕೊಂಡು ಅಂದರು: "ಗಾಳಿ ಕಣವ್ವ.

ನೀರು ಬಿಡೋ ದಿನ, ನೀರಿಗಿಂತ ಮುಂಚೆ
ಪೈಪಲ್ಲಿ ಗಾಳಿ ನುಗ್ತದೆ. ಬುಸ್ ಅಂತದೆ.
ಮೀಟರಿಗೇನು ಗೊತ್ತು? ಅದೂ ತಿರುಗ್ತದೆ.
ಎತ್ತರದಲ್ಲೊಂದು ಮನೆ, ಮೂರು ವರ್ಷದಿಂದ ಬೀಗ,
ನೀರು ಅಲ್ಲಿಗಂಟ ಏರ್ತಿರಲೇ ಇಲ್ಲ,
ಬಿಲ್ಲು ಮಾತ್ರ ತಿಂಗಳಿಗೆ ಹದಿನೆಂಟು ಸಾವಿರ ಲೀಟ್ರು.
ಕಳ್ಳತನ ಅಂತ ಬರೆದು ಕೊಟ್ಟೆ.
ಪಕ್ಕದ ಮನೆ ಮೇಷ್ಟ್ರ ಮೇಲೆ ಅನುಮಾನ.
ಆಮೇಲೆ ಒಂದಿನ ಮೀಟರಿಗೆ ಕಿವಿ ಕೊಟ್ಟು ಕೂತೆ.
ಹಿತ್ತಲ ನಲ್ಲಿ ಯಾರೋ ತಿರುವಿ ಮರೆತಿದ್ರು,
ಗಾಳಿ ಬಂದು ಗಾಳಿಯಾಗೇ ಹೋಗ್ತಿತ್ತು.
ನೀರಿನ ಸದ್ದೇ ಬೇರೆ.
ಆ ಮೇಷ್ಟ್ರು ಎದುರಾದರೆ ಇವತ್ತೂ ನಾನು ಗಲ್ಲಿ ಬದಲಾಯಿಸ್ತೀನಿ."

ಆ ರಾತ್ರಿ ನಾನೂ ಕಿವಿ ಕೊಟ್ಟು ಕೂತೆ, ಅಂಕಿಗಳಿಗೆ.
ಎಲ್ಲರ ಪರದೆಯ ಅಗಲವೂ ಒಂದೇ.
ಯಾರೂ ದರದ ಪುಟ ಇಳಿಸಿ ನೋಡಲಿಲ್ಲ.
ಕಳ್ಳರಾಗಿದ್ದರೆ ತೂಕವನ್ನಾದರೂ ಕೇಳುತ್ತಿದ್ದರು.

ಸುಹೇಲ್ ಜರಡಿ ಹಾಕಿದ. ತೆಂಗಿನ ಮರ ಬಿತ್ತು.
ಉಳಿದದ್ದು ಒಂಬತ್ತು.
ಅದರಲ್ಲಿ ಮೂರು ನಾನೇ. ಎರಡು ಸುಹೇಲ್.
ಮದ್ದೂರು, ಮಳವಳ್ಳಿ, ಕೆರಗೋಡಿನವರು ಮೂವರು,
ಕೇಳಿದ್ದು ಜಾಮೂನಿನ ಬಾಣಲೆ.
ಇನ್ನೊಂದು, ಊರು ಗೊತ್ತಿಲ್ಲ.
ಅದು ಬಾಡಿಗೆಗಿಲ್ಲದ ಪುಟದಲ್ಲಿ
ಇಪ್ಪತ್ತಾರು ನಿಮಿಷ ನಿಂತಿತ್ತು.

ಆ ಪುಟದ ವಿಷಯ ಹೇಳಬೇಕು.
ನಮ್ಮಲ್ಲಿ ಲೋಟ ಕಡಿಮೆಯಾಗಿ ಬರುವುದುಂಟು, ದುಡ್ಡು ಹಿಡಿಯುತ್ತೇವೆ.
ಹೆಚ್ಚಾಗಿ ಬರುವುದೂ ಉಂಟು. ಹೋದದ್ದು ಮುನ್ನೂರು,
ಬಂದದ್ದು ಮುನ್ನೂರ ಎರಡು.
ತಿರುಗಿಸಿದರೆ ತಳದಲ್ಲಿ ಚುಕ್ಕಿ ಚುಕ್ಕಿ ಅಕ್ಷರ:
'ದ್ಯಾವಮ್ಮಣ್ಣಿ, ೧೯೭೧.' 'ಚಿ. ಸಾಕಮ್ಮನಿಗೆ ಸೋದರಮಾವ.'
ಚಪ್ಪರ ಬಿಚ್ಚಿದವರನ್ನು ಕೇಳಿದರೆ ನಮ್ಮದಲ್ಲ ಅನ್ನುತ್ತಾರೆ.
ಅವನ್ನೆಲ್ಲ ಒಂದು ಹಲಗೆಯ ಮೇಲೆ ಜೋಡಿಸಿ
ಫೋಟೊ ತೆಗೆದು ಹಾಕಿಸಿದ್ದೇನೆ, ನಲವತ್ತೇಳು ಇವೆ.

"ಯಾರೋ ತೆರೆದಿಟ್ಟು ಮಲಗಿರಬಹುದು ಅಕ್ಕ,
ಜಾಸ್ತಿ ಯೋಚನೆ ಮಾಡಬೇಡಿ, ಇದನ್ನೂ ಸೋಸಿಬಿಡಲಾ?"

ಇರಲಿ ಬಿಡು ಅಂದೆ.
ಸಾಕಮ್ಮನ ಲೋಟವನ್ನು ಸ್ವಲ್ಪ ಮುಂದಕ್ಕೆ ಸರಿಸಿ,
ಅಕ್ಷರ ಕಾಣುವ ಹಾಗೆ ಬೋರಲು ಹಾಕಿ,
ಇನ್ನೊಂದು ಫೋಟೊ ತೆಗೆಸಿದೆ.