ತುಂಬಿದ ಮೇಲೆ ಹೊರಡುತ್ತದೆ

ಸೋಮವಾರದಿಂದ ಶುಕ್ರವಾರದ ತನಕ
ಬಲಾಕಾ ಆಸ್ಪತ್ರೆಯ ಕಿಟಕಿ ಪಕ್ಕ ಕೂತು
ಗಾಜಿನ ಮೇಲೊಂದು ಹನಿ ರಕ್ತ ಸವರಿ
ಅದರೊಳಗಿನ ಮಲೇರಿಯಾ ಉಂಗುರಗಳನ್ನು ಎಣಿಸುತ್ತೇನೆ.
ಸಂಬಳವಿಲ್ಲ. ಒಂದು ಕೋಣೆ, ಒಂದು ಸೊಳ್ಳೆಪರದೆ,
ಶನಿವಾರ, ಭಾನುವಾರ.

ಬಂದ ದಿನವೇ ಮಲಾವಿಯ ನಕ್ಷೆ ಹರವಿ
ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದೆ:
ಜೊಂಬಾದ ಬೆಟ್ಟ, ಲಿವೊಂಡೆಯ ನೀರಾನೆ,
ಡೆಡ್ಜಾದ ಮಡಕೆ, ಮಂಕಿ ಬೇಯ ದೋಣಿ.
ಹನ್ನೆರಡು ವಾರ, ಹನ್ನೆರಡು ಸುತ್ತು.
ಲೆಕ್ಕ ನನಗೆ ಚೆನ್ನಾಗಿ ಬರುತ್ತದೆ.

ಮಿನಿಬಸ್ಸಿಗೆ ಬರುವುದಿಲ್ಲ.
ಅದು ತುಂಬಿದ ಮೇಲೆ ಹೊರಡುತ್ತದೆ.
ಯಾವಾಗ ಅಂತ ಕೇಳಿದರೆ ಕಂಡಕ್ಟರ್ ಹುಡುಗ ಲಿಂಬಾನಿ
ಖಾಲಿ ಸೀಟು ತೋರಿಸುತ್ತಾನೆ,
ಗಡಿಯಾರ ಅಲ್ಲಿದೆ ನೋಡಿಕೋ ಅನ್ನುವ ಹಾಗೆ.
ಮೂವರ ಜಾಗದಲ್ಲಿ ಐವರು,
ಟಿಕೆಟ್ಟಿಲ್ಲದ ಒಂದು ಹುಂಜ,
ಕಾಲಡಿ ಜೋಳದ ಹಿಟ್ಟಿನ ಮೂಟೆ,
ನನ್ನ ತೊಡೆಯ ಮೇಲೆ ಒಂದು ಮಗು.
ಯಾರದೆಂದು ಕೇಳುವ ಪದ್ಧತಿಯಿಲ್ಲ,
ಇಳಿಯುವಾಗ ಯಾರೋ ಎತ್ತಿಕೊಳ್ಳುತ್ತಾರೆ.

ಕೊರಳಲ್ಲಿ ಕ್ಯಾಮೆರಾ ತೂಗಿಕೊಂಡು ಇಳಿದರೂ
ನಾನು ಪ್ರವಾಸಿಯೆಂದು ಒಬ್ಬರೂ ನಂಬಲಿಲ್ಲ.
ಬಿಳಿಯರು ಕಂಡರೆ ಮಕ್ಕಳು ‘ಅಜುಂಗು’ ಎಂದು ಕುಣಿಯುತ್ತಾರೆ.
ನನ್ನನ್ನು ಕಂಡರೆ ‘ಅಮ್ವೆನ್ಯೆ’,
ಎಂದರೆ ಇಂಡಿಯಾದವರು, ಎಂದರೆ ಅಂಗಡಿಯವರು.
ಜೊಂಬಾ ಪೇಟೆಯಲ್ಲಿ ಒಬ್ಬಾಕೆ ಅಡ್ಡಗಟ್ಟಿ
ಸಕ್ಕರೆ ಯಾಕಿಷ್ಟು ತುಟ್ಟಿ ಮಾಡಿದಿರಿ ಅಂತ ಜಗಳಕ್ಕೇ ನಿಂತಳು.
ಹುಟ್ಟಿದಾಗಿನಿಂದ ಒಂದು ಬೆಂಕಿಪೊಟ್ಟಣವನ್ನೂ ಮಾರದ ನಾನು
ಕ್ಷಮಿಸಿ ಎಂದೆ.
ಯಾರ ಪರವಾಗಿ ಎಂದೆನೋ, ಈಗಲೂ ಗೊತ್ತಿಲ್ಲ.

ಡೆಡ್ಜಾದ ದಾರಿಯಲ್ಲಿ ಅಮಾಯಿ ನಾಂಬೆವೆ
ಬಿಸಿ ನ್ಸಿಮಾ ಬಡಿಸಿದಳು.
ನೋಡಿದೊಡನೆ ಕೈಗೆ ಹಳೆಯ ನೆನಪು ಬಂದು
ಮುದ್ದೆ ನುಂಗುವ ಗತ್ತಿನಲ್ಲಿ ಉಂಡೆ ಮಾಡಿ ಇಳಿಸಿಬಿಟ್ಟೆ.
ಅವಳು ಗಾಬರಿಯಾಗಿ ಬೆನ್ನು ತಟ್ಟಿ, ನೀರು ಕುಡಿಸಿ,
‘ಪಾಪ, ಈ ವಯಸ್ಸಿಗೇ ಹಲ್ಲಿಲ್ಲವೇ’ ಅಂದಳಂತೆ.
ಲಿಂಬಾನಿ ಅದನ್ನು ತರ್ಜುಮೆ ಮಾಡಿದ್ದು
ಬಸ್ಸಿನವರೆಲ್ಲ ನಕ್ಕು ಮುಗಿದ ಮೇಲೆ.

ಒಂಬತ್ತನೇ ವಾರ ಸರೋವರದ ಸರದಿ.
ಅಕ್ಟೋಬರಿನ ಬಿಸಿಲು, ತೆರೆದ ಪಿಕಪ್ಪಿನ ಹಿಂದೆ
ಒಣಮೀನಿನ ಖಾಲಿ ಬುಟ್ಟಿಗಳ ನಡುವೆ ಕೂತಿದ್ದೆ.
ಮಾಂಗೋಚಿ ದಾಟಿದ ಮೇಲೆ, ಎದುರಿನ ಹೆಂಗಸು
ತೋರುಬೆರಳು ಹೆಬ್ಬೆರಳು ಕೂಡಿಸಿ ಉಂಗುರ ಮಾಡಿ
ಒಂದು ಕಣ್ಣಿಗೆ ಹಿಡಿದು ನನ್ನನ್ನೇ ನೋಡಿದಳು.
ಎಲ್ಲರೂ ನಕ್ಕರು. ನನಗೆ ಹೊಳೆಯಲು ಹೊತ್ತು ಹಿಡಿಯಿತು:
ಅದು ನಾನು. ನನ್ನ ಮೈಕ್ರೋಸ್ಕೋಪು.

ನನಗೆ ಅವಳ ಗುರುತಿರಲಿಲ್ಲ.
ಕಿಟಕಿಯಿಂದ ಒಳಬರುವುದು ಬೆರಳು ಮಾತ್ರ.
ಅವಳು ತಿರುಗಿ ಬೆನ್ನು ತೋರಿಸಿದಳು:
ಚಿಟೆಂಜೆಯ ಜೋಲಿಯೊಳಗೆ, ಆ ಧಗೆಯಲ್ಲೂ ಉಣ್ಣೆಯ ಟೋಪಿ ಹಾಕಿ
ಬಾಯಿ ತೆರೆದು ನಿದ್ದೆ ಹೋದ ಮಗಳು.
ಹೆಸರು ತಿಯಾಮಿಕೆ.
ಬೇಯಿಸಿದ ಮರಗೆಣಸು ಮುರಿದು
ದೊಡ್ಡ ತುಂಡು ನನಗೆ ಕೊಟ್ಟಳು.
ನನಗೆ ಬರುತ್ತಿದ್ದದ್ದು ಒಂದೇ ಮಾತು, ‘ಜಿಕೊಮೊ’.
ಮೂರು ಸಲ ಹೇಳಿದೆ. ಮೂರನೆಯದಕ್ಕೆ ಅವಳಿಗೆ ಬೇಸರವಾಗಿರಬೇಕು.

ಆನೆಹುಣಸೆ ಮರದ ಬುಡದಲ್ಲಿ ಇಳಿದಳು.
ಅಲ್ಲಿ ಅಂಗಡಿಯಿಲ್ಲ, ಬೋರ್ಡಿಲ್ಲ,
ಒಂದು ಕಾಲುದಾರಿ.
ಅವಳ ಜಾಗ ಖಾಲಿಯಾಯಿತೆಂದು
ಪಿಕಪ್ಪು ಇಪ್ಪತ್ತು ನಿಮಿಷ ಅಲ್ಲೇ ನಿಂತಿತು,
ನಾನು ಮರಗೆಣಸು ತಿನ್ನುತ್ತಾ
ಆ ಟೋಪಿ ಹುಲ್ಲಿನಲ್ಲಿ ಮರೆಯಾಗುವುದನ್ನು ನೋಡಿದೆ.

ಸರೋವರ ನೋಡಿದೆ. ದೊಡ್ಡದಿತ್ತು.

ಸೋಮವಾರ, ಕಿಟಕಿಯಲ್ಲಿ ಮೊದಲ ಬೆರಳು.
ಬಗ್ಗಿ ಹೊರಗೆ ನೋಡಿ ಹೆಸರೇನು ಎಂದೆ.
ಗುಮಾಸ್ತ ಮ್ವಾಲೆ ಚೀಟಿಯಿಂದ ತಲೆಯೆತ್ತದೆ,
‘ನಂಬರು ಸಾಕು ಸಿಸ್ಟರ್, ಗೇಟಿನ ತನಕ ಸಾಲಿದೆ’ ಎಂದ.
ಅವನು ಹೇಳಿದ್ದು ಸುಳ್ಳಲ್ಲ.
ಸಾಲು ತುಂಬಿತ್ತು. ಹೊರಡಬೇಕಿತ್ತು.
ಗಾಜು ಒರೆಸಿ
ಇನ್ನೊಮ್ಮೆ ಕೇಳಿದೆ.