ಎರಡು ಮಿಲಿಮೀಟರ್

ಔಲು ನಗರದಲ್ಲಿ ಬೆಳಗಿನ ಒಂಬತ್ತಕ್ಕೂ ಇರುಳು.
ಸೈಮಿ ಜೆಲಾಟಿನ್‌ಗೆ ಹಾಲು ಬೆರೆಸಿ
ಮೂರು ಹನಿ ಮಸಿ ಬಿಟ್ಟು ಕದಡುತ್ತಾಳೆ;
ಹೆಪ್ಪುಗಟ್ಟಿದ ಮೇಲೆ ಚೀಟಿ: ಸ್ತನ, ನಾಲ್ಕನೆಯದು.

ಕೂದಲೆಳೆಯ ಗಾಜಿನ ತುದಿ ತಾಗಿಸಿದರೆ
ಕೆಂಪು ಬೆಳಕು ಒಳಹೊಕ್ಕು, ದಾರಿ ತಪ್ಪಿ,
ಅಲ್ಲಿ ಇಲ್ಲಿ ಡಿಕ್ಕಿ ಹೊಡೆದು
ನೂರರಲ್ಲಿ ಒಂದು ಪಾಲು ಮರಳುತ್ತದೆ.
ಬಾರದ್ದರ ಲೆಕ್ಕವೇ ಅವಳ ಕೆಲಸ.

ಆರೋಗ್ಯದ ಅಳತೆಗೆ ತನ್ನದೇ ಅಂಗೈ.
ಸೌನಾದಿಂದ ನೇರ ಬಂದ ದಿನವಂತೂ
ರಕ್ತ ಉಕ್ಕಿ ಗೆರೆಯೆಲ್ಲ ಸೊಟ್ಟ!

ಶಸ್ತ್ರವೈದ್ಯ ರೌತಿಯೊ ಕೇಳಿದ್ದು ಒಂದೇ:
“ಗಡ್ಡೆ ನನಗೂ ಕಾಣುತ್ತದೆ, ಮಾರಾಯ್ತಿ.
ಅದು ಮುಗಿಯುವುದೆಲ್ಲಿ, ಹೇಳು.”

ಅವಳು ತುದಿ ಒರೆಸಿ,
ಇನ್ನೆರಡು ಮಿಲಿಮೀಟರ್ ಪಕ್ಕಕ್ಕೆ ಸರಿಸಿ,
ದೀಪ ಆರಿಸುತ್ತಾಳೆ.
ಕತ್ತಲಿರಬೇಕು, ಓದಲು.