ಬಿಳಿ ಬಳಿದವಳು

ಹೆಸರಿಗೆ ಮಸಿ ಬಳಿಯುವವರು ಊರಿಗೊಬ್ಬರು ಸಿಗುತ್ತಾರೆ.
ನಾನು ಬಿಳಿ ಬಳಿದೆ. ಹದಿನೇಳು ವರ್ಷ,
ಗುರುವಾರ ಗುರುವಾರ, ಮ್ಯಾಂಚೆಸ್ಟರಿನ ಮೂರನೇ ಮಹಡಿಯಲ್ಲಿ,
ಕಿಟಕಿಗೆ ಕಟ್ಟಿದ ಹೊಗೆಯನ್ನು ಒರೆಸುವವರಿಲ್ಲದೆ
ಮಧ್ಯಾಹ್ನಕ್ಕೇ ದೀಪ ಹಾಕುತ್ತಿದ್ದ ಕೋಣೆಯಲ್ಲಿ.

ಚಿತ್ರ ಬರೆದವನ ಹೆಸರು ಮಕ್ಕಳಿಗೆ ಬೇಡ.
"ಅವರು ನಂಬುವುದು ಹುಡುಗನನ್ನು, ನಾಯಿಯನ್ನು.
ಹಿಂದೊಬ್ಬ ಕೂತು ಗೀಚುತ್ತಾನೆಂದರೆ ಆಟ ಕೆಟ್ಟಿತು,"
ಎನ್ನುತ್ತಿದ್ದ ಸಂಪಾದಕ ಓಗ್ಡನ್, ಪೆಪ್ಪರ್‌ಮಿಂಟ್ ಚೀಪುತ್ತ.
ಹೆಸರಾದವನು ಕೂಲಿ ಹೆಚ್ಚು ಕೇಳಿಯಾನು
ಎಂಬುದನ್ನು ಪೆಪ್ಪರ್‌ಮಿಂಟಿನ ಜೊತೆ ನುಂಗುತ್ತಿದ್ದ.

ಥ್ರೆಲ್‌ಫಾಲನ ರಟ್ಟುಗಳು ಮೋರ್ಕಂಬಿನ ಕಡಲಿನಿಂದ ಬರುತ್ತಿದ್ದವು.
ಕಂದು ಕಾಗದ, ಎರಡು ಸುತ್ತು ಹುರಿ,
ಬಿಚ್ಚಿದರೆ ಪೈಪಿನ ತಂಬಾಕು, ತುಸು ಸುಟ್ಟ ಮೀನು.
ಅಚ್ಚಾದ ಪುಟದ ಎರಡರಷ್ಟು ದೊಡ್ಡವು. ಶಾಯಿ ಇನ್ನೂ ಹೊಳೆಯುವಂಥವು.
ಮಾತಿನ ಗುಳ್ಳೆಗಳನ್ನು ಕತ್ತರಿಸಿ
ಯಾರ ಮಾತು ಯಾರ ಬಾಯಿಗೋ ನೋಡಿ ಅಂಟಿಸುತ್ತಿದ್ದೆ,
ಆಮೇಲೆ ಸಹಿ ಹುಡುಕುತ್ತಿದ್ದೆ.

ಮೊದಮೊದಲು ಮೂಲೆಯಲ್ಲಿತ್ತು, ಸಭ್ಯವಾಗಿ.
ಅಳಿಸಿದೆ. ಮುಂದಿನ ವಾರ ಹಾಲಿನ ಬಾಟಲಿಯ ಮೇಲೆ.
ಆಮೇಲೆ ಪೊಲೀಸನ ಬೂಟಿನ ಅಡಿ,
ಒಣಹಾಕಿದ ಚಡ್ಡಿಯ ಲಾಡಿಯಲ್ಲಿ ಬಳುಕುತ್ತ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ಸಿಕ್ಕಾಗ
ಕುಂಚ ಅಲುಗದಂತೆ ನಗಬೇಕಿತ್ತು.

ಅಂಚಿನಲ್ಲಿ ತಿಳಿನೀಲಿ ಪೆನ್ಸಿಲ್.
ಅಚ್ಚುಮನೆಯ ಕ್ಯಾಮೆರಾದ ಕಣ್ಣಿಗೆ ಆ ನೀಲಿ ಬೀಳದು,
ಆದ್ದರಿಂದ ಅವನು ಮಾತಾಡುತ್ತಿದ್ದದ್ದು ಅಲ್ಲೇ:
"ಅಳಿಸುವವರಿಗೆ: ಕುದುರೆಗೆ ಐದು ಕಾಲಾಗಿದೆ, ಒಂದನ್ನು ನೀವೇ ತೆಗೆಯಿರಿ."
"ಇಲ್ಲಿ ಕಡಲು ಇಳಿದಿದೆ, ಎರಡು ಮೈಲಿ ಬರೀ ಕೆಸರು."
"ಹೆಂಡತಿ ಆಸ್ಪತ್ರೆಯಲ್ಲಿ. ಈ ವಾರ ಹುಡುಗ
ಹೆಚ್ಚೇ ನಗುತ್ತಿದ್ದಾನೆ, ಕ್ಷಮಿಸಿ."

ರಟ್ಟು ಅವನಿಗೆ ಹಿಂದಿರುಗುತ್ತಿರಲಿಲ್ಲ.
ಕಂದು ಕಾಗದದ ಮೇಲೆ ವಿಳಾಸವಿತ್ತು, ಬರೆಯಬಹುದಿತ್ತು.
ಬರೆಯಲಿಲ್ಲ.

ಒಂದು ಫೆಬ್ರವರಿ, ಹೊರಗೆ ಕೈ ಚಾಚಿದರೆ ಕೈ ಕಾಣದ ಮಂಜು.
ಹುಡುಗ ಚಾವಣಿಯಿಂದ ಜಾರುತ್ತಿದ್ದ, ಚಿಮಣಿಯ ಹೊಗೆ
ಸುರುಳಿ ಸುರುಳಿ. ರಟ್ಟು ತಿರುಗಿಸಿದೆ:
ತಲೆಕೆಳಗಾಗಿ ಪೂರ್ತಿ ಹೆಸರು, ಒಂದಕ್ಷರ ಬಿಡದೆ.
ಅಂಚಿನಲ್ಲಿ ಆ ಸಲ ನೀಲಿ ಇರಲಿಲ್ಲ.
ಕುಂಚ ಅದ್ದಿದೆ. ತುದಿಯಲ್ಲಿ ಹನಿ ದಪ್ಪಗಾಯಿತು.
ತೊಳೆದಿಟ್ಟು ಚಹಾ ತರಲು ಹೋದೆ.

ಎರಡು ಲಕ್ಷ ಪ್ರತಿ. ಯಾವ ಮಗುವೂ ಪುಟ ತಿರುಗಿಸಿ ಹಿಡಿಯಲಿಲ್ಲ.
ಓಗ್ಡನ್ ನೋಡಲಿಲ್ಲ. ಅವನು ನೋಡಿದನೋ ಇಲ್ಲವೋ,
ಮುಂದಿನ ಕಟ್ಟು ಬಂದಾಗ ಕೈ ಬೇರೆಯವನದು.
ಹುಡುಗನಿಗೆ ಅದೇ ಟೊಪ್ಪಿ, ಅದೇ ತೇಪೆ. ಮೊಣಕಾಲು ಮಾತ್ರ
ಯಾರದೋ.

ನೆಲಮಾಳಿಗೆಯ ಪೈಪು ಒಡೆದ ದಿನ
ಹಳೆಯ ರಟ್ಟುಗಳನ್ನೇ ನೀರಿಗೆ ಹಾಸಿದರು,
ಮೇಲೆ ನಡೆದಾಡಿದೆವು. ನಾನೂ.

ಈಗ ಸ್ಕಿಪ್ಟನ್ನಿನ ಹರಾಜು ಮನೆ. ಮೊಮ್ಮಗಳು ಕುರ್ಚಿ ತಳ್ಳಿ ನಿಲ್ಲಿಸಿದಳು.
ಲಾಟ್ ಇನ್ನೂರ ಹನ್ನೆರಡು.
ನನ್ನ ಅಂಟು ಒಣಗಿ ಗುಳ್ಳೆಗಳು ಉದುರಿಹೋಗಿವೆ;
ಮೇಷ್ಟ್ರು, ಕಟುಕ, ಪೊಲೀಸ್, ಎಲ್ಲರದೂ ತೆರೆದ ಬಾಯಿ,
ತಲೆಯ ಮೇಲೊಂದು ಹಳದಿ ಕಲೆ.
ಯಾರು ಏನೆಂದರೆಂದು ನನಗೆ ಬಾಯಿಪಾಠ.

ಚೀಟಿಯಲ್ಲಿ: ಕಲಾವಿದ ಯಾರೆಂದು ತಿಳಿಯದು.
"ಮುಟ್ಟಬೇಡಿ ಮೇಡಂ, ಇದು ಮೂಲಚಿತ್ರ," ಎಂದ ಬಿಳಿ ಕೈಗವಸಿನ ಹುಡುಗ.
ಗೊತ್ತಪ್ಪಾ. ಇದರಲ್ಲಿನ ಬಿಳಿ ನನ್ನದು.

ಬರೆದುಕೋ ಅಂದೆ. ಅಕ್ಷರ ಅಕ್ಷರ ಬಿಡಿಸಿ ಹೇಳಿದೆ,
ಕೊನೆಯಲ್ಲಿ ಎರಡು ಎಲ್.
ಅವನು ಪೆನ್ನು ತರಲು ಹೋದ. ಅಷ್ಟರಲ್ಲಿ
ಕನ್ನಡಕ ಏರಿಸಿ ಕುದುರೆಯ ಕಾಲು ಎಣಿಸಿದೆ.
ನಾಲ್ಕು.
ಬಿರುಕು ಬಿಟ್ಟ ಬಿಳಿಯ ಅಡಿಯಿಂದ,
ಗೊರಸು ಮುಂದಾಗಿ, ಇನ್ನೊಂದು.